ತೈಲದ ತೆರಿಗೆಯೂ ಹಣದ ಹಾಕಿಯೂ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಹಿರಿಯರ ಅನುಭವವಾಕ್ಯ. ಆದರೆ ಪ್ರಜೆಗಳೇ ಆರಿಸಿದ ಸರ್ಕಾರದಲ್ಲಿ ಸುಂಕದವನೂ ನಮ್ಮವನೇ. ಆದುದರಿಂದ ಹೇಳಿಕೊಳ್ಳುವುದು ನಮ್ಮ ಹಕ್ಕು. ಕೇಳುವುದು ಆತನ ಧರ್ಮ.

ಕರ್ನಾಟಕ ಸರ್ಕಾರದವರು 2024ನೆಯ ಇಸವಿ ಜೂನ್ 15ರಂದು ಮಾರಾಟ ತೆರಿಗೆಯನ್ನು ಪೆಟ್ರೋಲಿಗೆ ನೂರಕ್ಕೆ 25.92ರಿಂದ 29.84ಕ್ಕೂ, ಡೀಸೆಲಿಗೆ 14.34ರಿಂದ 18.44ಕ್ಕೂ ಏರಿಸಿದರು. ವರ್ಷ ತುಂಬುವ ಮೊದಲೇ, 2025ರ ಏಪ್ರಿಲ್ 1ರಿಂದ, ಡೀಸೆಲಿನ ತೆರಿಗೆ 21.17ಕ್ಕೆ ಮುಟ್ಟಿತು. ಸರ್ಕಾರದ ಕಷ್ಟವನ್ನು ನಾವು ಅರಿಯದವರಲ್ಲ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ, ರಾಜ್ಯಗಳು ಸ್ವತಂತ್ರವಾಗಿ ಏರಿಸಬಲ್ಲ ತೆರಿಗೆಗಳು ಕೆಲವೇ ಉಳಿದಿವೆ; ಅವುಗಳಲ್ಲಿ ಇದೊಂದು. ಆದರೆ ನೆರೆಯ ರಾಜ್ಯಗಳಲ್ಲಿ ದರ ಇನ್ನೂ ಹೆಚ್ಚೆಂಬ ಸಮಾಧಾನವನ್ನು ಮಾತ್ರ ನಾವು ಒಪ್ಪಲಾರೆವು. ನೆರೆಮನೆಯ ಮಾಡು ಸೋರಿದರೆ ನಮ್ಮ ಮನೆಯ ನೆಲ ಒಣಗುವುದೆ?

ಪೆಟ್ರೋಲಿನ ಹೊರೆ ಬೈಕಿನ ಸವಾರನಿಗೂ ತಟ್ಟುವುದು ನಿಜ. ಆದರೂ ಅದರಲ್ಲಿ ಬಹುಪಾಲು ಸ್ವಂತ ವಾಹನವುಳ್ಳವರ ಮೇಲೆ ಬೀಳುತ್ತದೆ. ಡೀಸೆಲಿನ ಹೊರೆ ಹಾಗಲ್ಲ. ರೈತನ ಟಿಲ್ಲರಿಗೂ, ಸಂತೆಗೆ ತರಕಾರಿ ತರುವ ಲಾರಿಗೂ, ಊರಿನ ಬಸ್ಸಿಗೂ ಅದೇ ಆಹಾರ. 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ದರವನ್ನು ನೂರಕ್ಕೆ 15ರಷ್ಟು ಏರಿಸಿದಾಗ ಕೊಟ್ಟ ಕಾರಣಗಳಲ್ಲಿ ಡೀಸೆಲಿನ ವೆಚ್ಚವೂ ಒಂದು. ತೆರಿಗೆಯನ್ನು ತಾನೇ ಏರಿಸಿ, ಅದೇ ತೈಲದ ಬೆಲೆಯನ್ನು ತೋರಿಸಿ ಬಸ್ಸಿನ ದರವನ್ನೂ ಏರಿಸಿದರೆ, ಬಡವನು ಒಂದೇ ಸಾಲವನ್ನು ಎರಡು ಸಲ ತೀರಿಸಿದಂತಾಯಿತು.

ಇದಕ್ಕೂ ಹಾಕಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಾರ್ವಜನಿಕರ ಹಣ ಎಲ್ಲಿಗೆ ಸಲ್ಲಬೇಕೆಂಬುದೇ ಸಂಬಂಧ.

ಹಾಕಿ ಇಂಡಿಯಾ ಲೀಗ್ 2017ರಲ್ಲಿ ನಿಂತು, 2024ರ ಡಿಸೆಂಬರ್ ಕೊನೆಯಲ್ಲಿ ಮರಳಿ ಆರಂಭವಾಯಿತು. ಅದಕ್ಕೆ ಮೊದಲು ನಡೆದ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗರಿಗೆ 78 ಲಕ್ಷ ರೂಪಾಯಿ ಬಂದಿತು. ಮಹಿಳೆಯರಿಗೂ 2025ರ ಜನವರಿಯಲ್ಲಿ ಪ್ರಥಮವಾಗಿ ಲೀಗ್ ನಡೆಯಿತು. ಹಣಕ್ಕೆ ಆಡುವುದು ಆಟಕ್ಕೆ ಕಳಂಕವೆನ್ನುವವರುಂಟು. ನಾವು ಆ ಪಂಗಡದವರಲ್ಲ. ಆಟಗಾರನಿಗೂ ಹೊಟ್ಟೆಯಿದೆ, ಸಂಸಾರವಿದೆ. ಕೋಲು ಹಿಡಿದ ಕೈಗೆ ಕೂಲಿ ದೊರೆಯುವುದು ನ್ಯಾಯವೇ ಸರಿ.

ನಮ್ಮ ವ್ಯಥೆ ಬೇರೆ. ಆ ಲೀಗಿನ ಎಂಟು ಪುರುಷರ ತಂಡಗಳಲ್ಲಿ ಕರ್ನಾಟಕದ ಹೆಸರಿನ ತಂಡ ಒಂದೂ ಇರಲಿಲ್ಲ. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಸ್. ವಿ. ಸುನಿಲ್ ಮೊದಲಾದವರನ್ನು ದೇಶಕ್ಕೆ ಕೊಟ್ಟ ಕೊಡಗು ನಮ್ಮಲ್ಲಿಯೇ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಮೊದಲುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ 60 ಕುಟುಂಬಗಳಿಂದ 2024ರಲ್ಲಿ 360 ಕುಟುಂಬಗಳಿಗೆ ಬೆಳೆಯಿತು. ಬೀಜಕ್ಕೆ ಕೊರತೆಯಿಲ್ಲದ ಸೀಮೆಯಲ್ಲಿ ಬೆಳೆಯೇಕಿಲ್ಲ?

ಒಡಿಶಾ ಸರ್ಕಾರವು 2018ರಿಂದ ರಾಷ್ಟ್ರೀಯ ತಂಡಗಳ ಪೋಷಕನಾಗಿ ನಿಂತು, 2023ರ ವಿಶ್ವಕಪ್ಪಿಗಾಗಿ ರೂರ್ಕೆಲಾದಲ್ಲಿ ಬಿರ್ಸಾ ಮುಂಡಾ ಕ್ರೀಡಾಂಗಣವನ್ನು ಕಟ್ಟಿತು. ಮರಳಿ ಆರಂಭವಾದ ಲೀಗ್ ಆ ಕ್ರೀಡಾಂಗಣವನ್ನೇ ಅರಸಿ ಹೋಯಿತು. ಮೈದಾನವಿದ್ದಲ್ಲಿಗೆ ಆಟ ಬರುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದೀಚೆಗೆ ದೊಡ್ಡ ಹಾಕಿ ಕೃತಕ ಹಾಸಿನ ಮೇಲೆ ನಡೆಯುತ್ತಿದೆ. ಅದನ್ನು ಹಾಸುವುದಕ್ಕೂ ಕಾಪಾಡುವುದಕ್ಕೂ ತಗಲುವ ವೆಚ್ಚ ಹಳ್ಳಿಯ ಸಂಘಗಳ ಶಕ್ತಿಗೆ ಮೀರಿದ್ದು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ತಂಡವನ್ನು ಕೊಳ್ಳುವುದು ಧನಿಕರ ಕೆಲಸ. ಅದಕ್ಕೆ ಬೊಕ್ಕಸದಿಂದ ಕಾಸೂ ಸಲ್ಲಬಾರದು. ಮೈದಾನ ಕಟ್ಟುವುದು ಸರ್ಕಾರದ ಕೆಲಸ. ಅದನ್ನು ಧನಿಕರಿಗೆ ಬಿಡಬಾರದು. ಡೀಸೆಲಿನ ಮೇಲಣ ಏರಿಕೆಯನ್ನು ಸರ್ಕಾರದವರು ಹಿಂದೆಗೆದುಕೊಳ್ಳಲಿ. ಪೆಟ್ರೋಲಿನದನ್ನು ಇಟ್ಟುಕೊಳ್ಳುವುದಾದರೆ ಅದರ ಒಂದು ಸಣ್ಣ ಪಾಲನ್ನು ಜಿಲ್ಲೆಗೊಂದು ಹಾಕಿ ಮೈದಾನಕ್ಕೂ ಅದರ ರಕ್ಷಣೆಗೂ ಮೀಸಲಿಟ್ಟು, ಬಂದುದೆಷ್ಟು, ಸಂದುದೆಷ್ಟು ಎಂಬ ಲೆಕ್ಕವನ್ನು ವರ್ಷವರ್ಷವೂ ಜನರ ಮುಂದಿಡಲಿ. ಲೆಕ್ಕ ಕಂಡ ಪ್ರಜೆ ತೆರಿಗೆಯನ್ನು ಗೊಣಗದೆ ತೆರುವನು; ಲೆಕ್ಕ ಕಾಣದವನಿಗೆ ಒಂದು ಪೈಸೆಯೂ ದಂಡವೇ.