ಗೋಲಿಗೆ ನಿಂತ ಹುಡುಗ

"ಮೇಷ್ಟ್ರೇ, ನಮ್ಮ ಹುಡುಗನನ್ನು ಯಾವಾಗಲೂ ಗೋಲಿಗೇ ನಿಲ್ಲಿಸ್ತಾರಂತೆ. ಅವನಿಗೆ ಆಟ ಬರೋಲ್ಲ ಅಂತಲಾ?" ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಒಬ್ಬ ತಾಯಿ ಕೇಳಿದ್ದರು. "ಉದ್ದ ಇದ್ದಾನಮ್ಮ, ಓಡಲಾರ, ಅದಕ್ಕೇ" ಎಂದುಬಿಟ್ಟೆ. ಆ ಉತ್ತರ ತಪ್ಪು. ನಿಮ್ಮ ಮಗನ ಬಗ್ಗೆ ನೀವೂ ಹಾಗೇ ಅಂದುಕೊಂಡಿದ್ದರೆ ಪೀಟರ್ ತಂಗರಾಜ್ ಅವರ ವಿಷಯ ಸ್ವಲ್ಪ ಕೇಳಿ. (ತಂಗಂ ಎಂದರೆ ತಮಿಳಿನಲ್ಲಿ ಚಿನ್ನ. ನಮ್ಮ ಗಡಿಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ.)

ತಂಗರಾಜ್ 1935ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದವರು. 1953ರಲ್ಲಿ ಸೇನೆಗೆ ಸೇರಿ ಮದ್ರಾಸ್ ರೆಜಿಮೆಂಟಲ್ ಸೆಂಟರ್ ತಂಡಕ್ಕೆ ಆಡಿದರು. ಆ ಸೆಂಟರ್ ಇರುವುದು ನಮ್ಮ ನೀಲಗಿರಿಯ ವೆಲಿಂಗ್ಟನ್ನಿನಲ್ಲಿ, ಕೂನೂರಿನ ಪಕ್ಕದಲ್ಲೇ. ಮೊದಲಿಗೆ ಅವರು ಆಡುತ್ತಿದ್ದುದು ಸೆಂಟರ್ ಫಾರ್ವರ್ಡ್, ಅಂದರೆ ಗೋಲು ಹೊಡೆಯುವ ಜಾಗದಲ್ಲಿ. ಗೋಲು ಕಾಯಲು ನಿಂತದ್ದು ಆಮೇಲೆ. ಆಟ ಬಾರದವನನ್ನು ತಂದು ನಿಲ್ಲಿಸುವ ಜಾಗ ಅದಲ್ಲ ಎನ್ನುವುದಕ್ಕೆ ಇಷ್ಟು ಸಾಕಲ್ಲವೇ? 24 ಅಡಿ ಅಗಲ, 8 ಅಡಿ ಎತ್ತರದ ಬಾಗಿಲು, ಕಾಯುವವನು ಒಬ್ಬನೇ. ಇಡೀ ಮೈದಾನ ಎದುರಿಗೆ ಕಾಣುವುದೂ ಅವನಿಗೇ.

ಆ ತಂಡ 1955ರಲ್ಲೂ 1958ರಲ್ಲೂ ಡ್ಯುರಾಂಡ್ ಕಪ್ ಗೆದ್ದಿತು. ತಂಗರಾಜ್ 1956ರ ಮೆಲ್ಬರ್ನ್, 1960ರ ರೋಮ್ ಒಲಿಂಪಿಕ್ಸ್‌ಗೆ ಹೋದರು. ಆಮೇಲೆ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಮೂರಕ್ಕೂ ಆಡಿದರು. 1967ರಲ್ಲಿ ಅರ್ಜುನ ಪ್ರಶಸ್ತಿ ಬಂತು.

"ಆಟ ಅನ್ನ ಹಾಕುತ್ತದೆಯೇ?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆಯೇ. ಅವರ ಆಟ ಬೆಳೆದದ್ದು ಸೇನೆಯ ಕೆಲಸದ ಆಸರೆಯಲ್ಲಿ. ಆಡುವುದು ನಿಂತ ಮೇಲೆ ಕೋಚ್ ಆದರು. 2008ರಲ್ಲಿ ತೀರಿಕೊಂಡದ್ದು ಬೊಕಾರೊದಲ್ಲಿ. ಈಗ ಬೆಂಗಳೂರು ಎಫ್‌ಸಿಯ ಗುರ್‌ಪ್ರೀತ್ ಸಿಂಗ್ ಸಂಧು ನಾರ್ವೆಯ ಕ್ಲಬ್ಬಿಗೂ ಆಡಿ ಬಂದಿದ್ದಾರೆ, ಸಂಬಳವೂ ಇದೆ. ಆದರೂ ಮುಚ್ಚಿಡದೆ ಹೇಳುತ್ತೇನೆ: ಒಂದು ತಂಡಕ್ಕೆ ಮೈದಾನದಲ್ಲಿ ಗೋಲ್‌ಕೀಪರ್ ಒಬ್ಬನೇ. ಎರಡನೆಯವನು ಎಷ್ಟೇ ಜಾಣನಾದರೂ ಬೆಂಚಿನ ಮೇಲೆ ಕಾಯಬೇಕು. ಓದನ್ನು ಬಿಡಿಸಬೇಡಿ.

ಈ ಕಾಯುವ ಪಾಡು ದೊಡ್ಡವರಿಗೂ ತಪ್ಪಿದ್ದಲ್ಲ. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಗೋಲು ಕಾದವರು ಪ್ರದ್ಯುತ್ ಬರ್ಮನ್. ಫೈನಲ್‌ಗೆ ಕೋಚ್ ರಹೀಂ ಸಾಹೇಬರು ಜ್ವರದಿಂದ ಆಗಷ್ಟೇ ಎದ್ದಿದ್ದ ತಂಗರಾಜ್ ಅವರನ್ನು ಇಳಿಸಿದರು. ಸೆಪ್ಟೆಂಬರ್ 4, ಎದುರಾಳಿ ದಕ್ಷಿಣ ಕೊರಿಯಾ. ಅಲ್ಲಿನ ಜನರೆಲ್ಲ ನಮಗೆ ವಿರುದ್ಧ. ಪಿ.ಕೆ. ಬ್ಯಾನರ್ಜಿ ಒಂದು, ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದರು. ಕೊನೆಯ ಹೊತ್ತಿಗೆ ತಂಗರಾಜ್ ಅವರನ್ನು ದಾಟಿ ಒಂದು ಚೆಂಡು ಒಳಗೆ ಹೋಯಿತು. 2-1. ಚಿನ್ನ ನಮ್ಮದಾಯಿತು.

ಏಷ್ಯಾದ ಶ್ರೇಷ್ಠ ಗೋಲ್‌ಕೀಪರ್ ಅನ್ನಿಸಿಕೊಂಡವರನ್ನೂ ಚೆಂಡು ದಾಟಿತು ನೋಡಿ. ಅಂದು ಯಾರೂ ಅವರನ್ನು ಬೈಯಲಿಲ್ಲ, ಗೆದ್ದಿದ್ದೆವಲ್ಲ.

ನಮ್ಮ ಆ ಉದ್ದನೆಯ ಹುಡುಗ ತಾಲ್ಲೂಕು ಪಂದ್ಯದಲ್ಲಿ ಎಷ್ಟು ಚೆಂಡು ತಡೆದನೋ ನಾನು ಲೆಕ್ಕ ಇಡಲಿಲ್ಲ. ಕೈಜಾರಿದ ಒಂದೇ ಒಂದು ನನ್ನ ಕಣ್ಣಿಗೆ ಬಿತ್ತು. ಎಲ್ಲರೆದುರು ಗದರಿದೆ. ಮಾರನೆಯ ದಿನದಿಂದ ಅವನು ಮೈದಾನಕ್ಕೆ ಬರಲಿಲ್ಲ. ಕರೆಯಬಹುದಿತ್ತು, ಕರೆಯಲಿಲ್ಲ.