ಸೆಕೆಂಡಿಗೆ 50 ಪ್ಯಾಕೆಟ್ ಮಾತು

ಆಫೀಸಿನ ಮೇಜಿನ ಮೇಲಿರುವ ಫೋನಿನ ಹಿಂಬದಿಯನ್ನೊಮ್ಮೆ ನೋಡಿ. ಹಳೆಯದಾದರೆ ಎರಡೆಳೆಯ ತೆಳು ತಂತಿಯೊಂದು ಗೋಡೆಯೊಳಗೆ ಹಾದು ಆಫೀಸಿನ ಪುಟ್ಟ ಎಕ್ಸ್‌ಚೇಂಜಾದ ಇಪಿಎಬಿಎಕ್ಸ್ ಪೆಟ್ಟಿಗೆಯನ್ನು ಸೇರಿರುತ್ತದೆ. ಹೊಸದಾದರೆ ಕಂಪ್ಯೂಟರಿಗೆ ಹಾಕುವಂಥದೇ ನೆಟ್‌ವರ್ಕ್ ಕೇಬಲ್ ಇರುತ್ತದೆ. ಬದಲಾಗಿರುವುದು ತಂತಿಯಷ್ಟೇ ಅಲ್ಲ, ಮಾತು ಸಾಗುವ ಬಗೆಯೂ ಹೌದು.

ಹಿಂದೆ ನಾವು ನಂಬರ್ ಒತ್ತಿದರೆ ಎಕ್ಸ್‌ಚೇಂಜು ಈ ತುದಿಯಿಂದ ಆ ತುದಿಗೆ ಒಂದು ದಾರಿಯನ್ನು ನಮಗೆಂದೇ ಮೀಸಲಿಡುತ್ತಿತ್ತು. ನಾವು ಸುಮ್ಮನೆ ಕೂತರೂ ಅದು ಬೇರೆಯವರಿಗೆ ಸಿಗುತ್ತಿರಲಿಲ್ಲ. 1986ರಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು ನಮ್ಮ ಕಿತ್ತೂರಿನಲ್ಲಿ ಆರಂಭವಾಯಿತು. ಎಸಿ ಇಲ್ಲದೆಯೂ ಕೆಲಸ ಮಾಡುವ ಆ ಡಿಜಿಟಲ್ ಯಂತ್ರದಲ್ಲೂ ಕರೆಗೊಂದು ಮೀಸಲು ದಾರಿ ಎಂಬುದೇ ನಿಯಮ. ನೆಟ್‌ವರ್ಕ್ ಕೇಬಲ್ಲಿನ ಹೊಸ ಫೋನಿನಲ್ಲಿ, ಅಂದರೆ ಐಪಿ ಫೋನಿನಲ್ಲಿ, ಈ ಮೀಸಲಾತಿ ಇಲ್ಲ. ಇಮೇಲು, ಫೈಲುಗಳು ಓಡಾಡುವ ಜಾಲದಲ್ಲೇ ಮಾತೂ ತುಂಡುತುಂಡಾಗಿ ಓಡುತ್ತದೆ.

ಆ ತುಂಡನ್ನು ಹತ್ತಿರದಿಂದ ನೋಡೋಣ. ನೀವು ‘ಹಲೋ’ ಎಂದಾಗ ಫೋನು ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದಿಡುತ್ತದೆ. 1972ರಿಂದ ಬಳಕೆಯಲ್ಲಿರುವ ಜಿ.711 ಎಂಬ ಮಾನಕ ಇದು. 20 ಮಿಲಿಸೆಕೆಂಡಿನಷ್ಟು ಮಾತು ಸೇರಿದರೆ 160 ಬೈಟ್ ಆಯಿತು. ಅದರ ಮುಂದೆ ವಿಳಾಸ, ಕ್ರಮಸಂಖ್ಯೆ, ಸಮಯದ ಗುರುತು ಎಲ್ಲ ಸೇರಿ 40 ಬೈಟ್ ಅಂಟಿಸಿದರೆ ಒಂದು ಪ್ಯಾಕೆಟ್ ಸಿದ್ಧ. ಸೆಕೆಂಡಿಗೆ ಇಂಥವು 50 ಹೊರಡುತ್ತವೆ. ಜಿ.729 ಎಂಬ ಇನ್ನೊಂದು ವಿಧಾನ ಅಷ್ಟೇ ಮಾತನ್ನು 20 ಬೈಟಿಗೆ ಕುಗ್ಗಿಸುತ್ತದೆ. ಆಗ ಮಾತಿಗಿಂತ ವಿಳಾಸದ ತೂಕವೇ ಎರಡು ಪಟ್ಟು!

ಈ ಆಲೋಚನೆಗೆ ಅರ್ಧ ಶತಮಾನದ ವಯಸ್ಸು. ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್‌ನಲ್ಲಿ ಡ್ಯಾನಿ ಕೋಹೆನ್ ಮತ್ತು ಸಂಗಡಿಗರು 1974ರಲ್ಲೇ ಮಾತನ್ನು ಪ್ಯಾಕೆಟ್ ಮಾಡಿ ಕಳಿಸಿದ್ದರು. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿ ಇಂಟರ್ನೆಟ್ ಫೋನಿನ ಸಾಫ್ಟ್‌ವೇರನ್ನು ಮಾರುಕಟ್ಟೆಗೆ ತಂದಿತು. 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ‘ಆಸ್ಟರಿಸ್ಕ್’ ಎಂಬ ಮುಕ್ತ ತಂತ್ರಾಂಶ ಬರೆದ ಮೇಲೆ ಸಾಧಾರಣ ಕಂಪ್ಯೂಟರೊಂದು ಇಡೀ ಆಫೀಸಿನ ಎಕ್ಸ್‌ಚೇಂಜ್ ಆಗಬಲ್ಲದೆಂದು ಸಣ್ಣಪುಟ್ಟ ಕಂಪನಿಗಳಿಗೂ ಗೊತ್ತಾಯಿತು.

ಮಾತು ಶುರುವಾಗುವ ಮುನ್ನ ಕರೆ ಕೂಡಬೇಕಲ್ಲ? ಅದು ಸಿಪ್ ಎಂಬ ನಿಯಮಾವಳಿಯ ಕೆಲಸ. 1999ರಲ್ಲಿ ಮಾನಕವಾಗಿ ಪ್ರಕಟವಾದದ್ದು. ನಿಮ್ಮ ಫೋನು ‘ಇನ್ವೈಟ್’ ಎಂಬ ಸಂದೇಶ ಕಳಿಸುತ್ತದೆ. ಆ ಕಡೆಯಿಂದ ಮೊದಲು ‘180 ರಿಂಗಿಂಗ್’, ರಿಸೀವರ್ ಎತ್ತಿದಾಗ ‘200 ಓಕೆ’ ಎಂಬ ಉತ್ತರ ಬರುತ್ತದೆ. ಇಟ್ಟಾಗ ‘ಬೈ’. ಸಂಬಂಧ ಕುದುರಿಸುವ ಹಿರಿಯರಂತೆ ಸಿಪ್ ಎರಡೂ ಕಡೆಯವರನ್ನು ಒಪ್ಪಿಸಿ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಂದಾಚೆ ಮಾತನ್ನು ಹೊರುವುದು ಆರ್‌ಟಿಪಿ ಎಂಬ ಬೇರೆಯದೇ ವ್ಯವಸ್ಥೆ.

ಒಪ್ಪಂದ ಯಾವುದಕ್ಕೆ ಎಂಬುದು ಸಿಪ್‌ಗೆ ಮುಖ್ಯವಲ್ಲ. ಮಾತಿರಲಿ, ವಿಡಿಯೊ ಇರಲಿ, ನಿಯಮ ಒಂದೇ. ಯುನಿಫೈಡ್ ಕಮ್ಯುನಿಕೇಷನ್ಸ್ ಎಂದು ಕಂಪನಿಗಳು ಕರೆಯುವುದರ ಬೇರು ಇಲ್ಲಿದೆ. ಒಂದೇ ಎಕ್ಸ್‌ಟೆನ್ಷನ್ ನಂಬರು ಮೇಜಿನ ಫೋನು, ಲ್ಯಾಪ್‌ಟಾಪ್, ಮೊಬೈಲ್ ಮೂರರಲ್ಲೂ ರಿಂಗಾಗುವುದು, ಬಿಟ್ಟ ಸಂದೇಶ ಇಮೇಲಿಗೆ ಬರುವುದು, ಸಹೋದ್ಯೋಗಿ ಮೀಟಿಂಗಿನಲ್ಲಿದ್ದಾರೆಂದು ಮೊದಲೇ ಕಾಣುವುದು ಎಲ್ಲವೂ ಮಾತು ಡೇಟಾ ಆದದ್ದರ ಫಲ. ನಿಮ್ಮ ಜೇಬಿನ ಮೊಬೈಲಿನಲ್ಲಿ 4ಜಿ ಡೇಟಾ ಜಾಲದ ಮೇಲೆ ಸಾಗುವ ವೋಲ್ಟೆ ಕರೆಯೂ ಇದೇ ಕುಲಕ್ಕೆ ಸೇರಿದ್ದು.

ಆದರೆ ಮಾತು ಉಳಿದ ಡೇಟಾದಂತಲ್ಲ. ಇಮೇಲು ಎರಡು ಸೆಕೆಂಡು ತಡವಾದರೆ ಯಾರೂ ಗಮನಿಸುವುದಿಲ್ಲ, ಒಂದಕ್ಷರ ಕಳೆದರೆ ಕೆಡುತ್ತದೆ. ಮಾತಿನ ಲೆಕ್ಕ ತಿರುಗುಮುರುಗು. ಒಂದು ಪ್ಯಾಕೆಟ್ ಕಳೆದುಹೋದರೆ ಕಿವಿಗೆ ಗೊತ್ತೇ ಆಗದಂತೆ ಫೋನು ತೇಪೆ ಹಾಕುತ್ತದೆ; ತಡವಾದರೆ ಮಾತ್ರ ಇಬ್ಬರೂ ಒಟ್ಟಿಗೇ ಮಾತಾಡಿ ಒಟ್ಟಿಗೇ ನಿಲ್ಲಿಸುವ ಪೇಚು. ಹಾಗಾಗಿ ಕಳೆದ ಪ್ಯಾಕೆಟ್ಟನ್ನು ಮತ್ತೆ ಕಳಿಸುವ ಗೋಜಿಗೇ ಹೋಗುವುದಿಲ್ಲ. ಬಾಯಿಂದ ಕಿವಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ.

ಈ 150 ಹೇಗೆ ಕರಗುತ್ತದೆ ನೋಡಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 14,000 ಕಿಲೊಮೀಟರ್. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೊಮೀಟರ್. ಕೇಬಲ್ ನೇರವಾಗಿದ್ದರೂ 70 ಮಿಲಿಸೆಕೆಂಡು ಅಲ್ಲೇ ಮುಗಿಯಿತು. ಪ್ಯಾಕೆಟ್ ತುಂಬಲು 20. ಹಿಂದುಮುಂದಾಗಿ ಬಂದ ಪ್ಯಾಕೆಟ್‌ಗಳನ್ನು ಸಾಲಾಗಿ ನಿಲ್ಲಿಸಿಕೊಳ್ಳಲು ಕೇಳುವ ತುದಿಯಲ್ಲಿ ಇನ್ನೊಂದು 40 ಬೇಕಾಗಬಹುದು. ಉಳಿದ 20ರಲ್ಲಿ ದಾರಿಯ ಎಲ್ಲ ರೂಟರುಗಳೂ ಕೆಲಸ ಮುಗಿಸಬೇಕು. ಅದೇ ಹೊತ್ತಿಗೆ ಆಫೀಸಿನಲ್ಲಿ ಯಾರೋ ದೊಡ್ಡ ಫೈಲು ಇಳಿಸಿಕೊಳ್ಳುತ್ತಿದ್ದರೆ? ಅದಕ್ಕೆಂದೇ ಮಾತಿನ ಪ್ಯಾಕೆಟ್ ಮೇಲೆ ತುರ್ತು ಎಂಬ ಗುರುತು ಹಾಕಿ, ಸಾಲಿನಲ್ಲಿ ಮುಂದೆ ಬಿಡುವಂತೆ ಜಾಲವನ್ನು ಸಜ್ಜುಗೊಳಿಸುತ್ತಾರೆ. ಐಪಿ ಫೋನಿನಲ್ಲಿ ದನಿ ಕಡಿಯುತ್ತಿದ್ದರೆ ಫೋನನ್ನು ದೂರುವ ಮುನ್ನ ಈ ಏರ್ಪಾಡು ಆಗಿದೆಯೇ ಎಂದು ನೋಡಬೇಕು.

ಅಗ್ಗ, ಅನುಕೂಲ ಎಂದು ಹೊಸ ವ್ಯವಸ್ಥೆಗೆ ಹೋಗುವವರು ಇನ್ನೆರಡು ವಿಷಯ ಮರೆಯಬಾರದು. ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ವಿದ್ಯುತ್ ಬರುತ್ತಿತ್ತು, ಊರಿಗೆ ಕರೆಂಟು ಹೋದರೂ ಫೋನು ಬದುಕಿರುತ್ತಿತ್ತು. ಐಪಿ ಫೋನಿಗೆ ವಿದ್ಯುತ್ ಕೊಡುವುದು ಆಫೀಸಿನ ನೆಟ್‌ವರ್ಕ್ ಸ್ವಿಚ್ಚು. ಅದಕ್ಕೆ ಯುಪಿಎಸ್ ಇಲ್ಲದಿದ್ದರೆ ಕರೆಂಟಿನೊಂದಿಗೆ ಫೋನೂ ಹೋಯಿತು.

ಎರಡನೆಯದು ತುರ್ತು ಕರೆ. 2013ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಹೋಟೆಲ್ ಕೋಣೆಯೊಂದರಲ್ಲಿ ತಾಯಿಯ ಮೇಲೆ ಹಲ್ಲೆ ನಡೆಯುತ್ತಿದ್ದಾಗ ಒಂಬತ್ತು ವರ್ಷದ ಮಗಳು 911ಕ್ಕೆ ಮತ್ತೆ ಮತ್ತೆ ಕರೆ ಮಾಡಿದಳು. ಹೊರಗಿನ ಲೈನಿಗೆ ಮೊದಲು ಇನ್ನೊಂದು 9 ಒತ್ತಬೇಕೆಂದು ಆ ಮಗುವಿಗೆ ತಿಳಿದಿರಲಿಲ್ಲ. ತಾಯಿ ಉಳಿಯಲಿಲ್ಲ. ಇಂಥ ಫೋನುಗಳಿಂದ 911 ನೇರವಾಗಿ ಹೋಗಲೇಬೇಕೆಂಬ ಕಾನೂನು ಅಲ್ಲಿ 2018ರಲ್ಲಿ ಬಂತು.

ನಿಮ್ಮ ಶಾಲೆ, ಆಸ್ಪತ್ರೆ, ಕಚೇರಿಗೆ ಐಪಿ ಫೋನು ಹಾಕಿಸುತ್ತಿದ್ದರೆ ಮೇನ್ ಸ್ವಿಚ್ ಆರಿಸಿ ರಿಸೀವರ್ ಎತ್ತಿ ನೋಡಿ. ಯಾವ ಎಕ್ಸ್‌ಟೆನ್ಷನ್ನಿನಿಂದ ಬೇಕಾದರೂ ನಮ್ಮ ತುರ್ತು ಸಂಖ್ಯೆ 112 ನೇರವಾಗಿ ಹೋಗುತ್ತದೆಯೇ ಎಂದು ಅಳವಡಿಸುವವರನ್ನು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಇವೆರಡೂ ಖಚಿತವಾದ ಮೇಲೆಯೇ ಹಳೆಯ ಇಪಿಎಬಿಎಕ್ಸನ್ನು ಗೋಡೆಯಿಂದ ಇಳಿಸಿ.