ಏರು ಕಂಡರೆ ಏದುಸಿರು

ನಿಂತಲ್ಲಿ ಎಂಜಿನ್ ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುತ್ತದೆ. ಸಮತಟ್ಟು ರಸ್ತೆಯಲ್ಲೂ ತಕರಾರಿಲ್ಲ. ಏರು ಸಿಕ್ಕಿತೋ, ಶುರು. ಮೂರನೇ ಗೇರ್ ಹೋಗಿ ಎರಡನೆಯದಾಯಿತು, ಆಕ್ಸಿಲರೇಟರ್ ನೆಲ ಮುಟ್ಟಿತು, ಗಾಡಿಗೆ ಮಾತ್ರ ಅದರ ಪರಿವೆಯೇ ಇಲ್ಲ. ಹಳೆಯ ಪೆಟ್ರೋಲ್ ಮಿಲಿಟರಿ ಟ್ರಕ್ ಇಟ್ಟುಕೊಂಡವರು ಒಂದಲ್ಲ ಒಂದು ದಿನ ‘ಪುಲಿಂಗ್ ಇಲ್ಲ’ ಎಂಬ ಈ ದೂರು ಹೊತ್ತು ಗ್ಯಾರೇಜಿಗೆ ಬರುತ್ತಾರೆ. ಬಂದ ಕೂಡಲೇ ಎಲ್ಲರ ಕೈ ಹೋಗುವುದು ಕಾರ್ಬುರೇಟರ್‌ಗೆ. ದುಡ್ಡು ಪೋಲಾಗುವುದೂ ಅಲ್ಲಿಂದಲೇ.

ಅಮೆರಿಕ ಸೇನೆಯ ಡಾಡ್ಜ್ ಎಂ37 ಗಾಡಿಯನ್ನೇ ತೆಗೆದುಕೊಳ್ಳಿ. ಮುಕ್ಕಾಲು ಟನ್ ಹೊರುವ, ನಾಲ್ಕೂ ಚಕ್ರ ಎಳೆಯುವ ಈ ಟ್ರಕ್ 1951ರಿಂದ 1968ರವರೆಗೆ ತಯಾರಾಯಿತು. ಕೊರಿಯಾ, ವಿಯೆಟ್ನಾಂ ಎರಡನ್ನೂ ಕಂಡಿತು. ಆಮೇಲೆ ಹರಾಜಿನಲ್ಲಿ ರೈತರಿಗೆ, ಹಳ್ಳಿಯ ಅಗ್ನಿಶಾಮಕ ದಳಗಳಿಗೆ, ಕೊನೆಗೆ ಹವ್ಯಾಸಿಗಳಿಗೆ ಸೇರಿತು. ಒಳಗಿರುವುದು 230 ಘನ ಇಂಚಿನ, ಅಂದರೆ ಸುಮಾರು 3.8 ಲೀಟರಿನ, ಆರು ಸಿಲಿಂಡರಿನ ಫ್ಲ್ಯಾಟ್‌ಹೆಡ್ ಎಂಜಿನ್. ವಾಲ್ವುಗಳು ತಲೆಯಲ್ಲಿಲ್ಲ, ಪಿಸ್ಟನ್ ಪಕ್ಕದಲ್ಲಿ ಬ್ಲಾಕಿನೊಳಗೇ ಕೂತಿವೆ. ಹೊಚ್ಚ ಹೊಸದಿದ್ದಾಗ ಇದರ ಶಕ್ತಿ 78 ಅಶ್ವಶಕ್ತಿ. ಗಾಡಿಯ ಖಾಲಿ ತೂಕವೇ ಎರಡೂವರೆ ಟನ್ ದಾಟುತ್ತದೆ. ಇಂದಿನ ಸಣ್ಣ ಕಾರೊಂದರ ಶಕ್ತಿಯಲ್ಲಿ ಇಷ್ಟು ಭಾರ ಎಳೆಯಬೇಕು. ಹಾಗಾಗಿ ಕೆಲವರು ‘ಹೋಯಿತು’ ಎಂದು ಗೋಳಾಡುವ ಶಕ್ತಿ ಮೊದಲಿಂದಲೂ ಇದ್ದದ್ದಲ್ಲ.

ಎತ್ತರದ ಲೆಕ್ಕವೂ ಇದೆ. ಸಮುದ್ರಮಟ್ಟದಿಂದ ಮೇಲೇರುವ ಪ್ರತಿ ಸಾವಿರ ಅಡಿಗೆ ಇಂಥ ಎಂಜಿನ್ ತನ್ನ ಶಕ್ತಿಯಲ್ಲಿ ಶೇ 3ರಷ್ಟು ಬಿಟ್ಟುಕೊಡುತ್ತದೆ. ಕೊಲರಾಡೊದ ಲವ್‌ಲ್ಯಾಂಡ್ ಪಾಸ್ ಹನ್ನೆರಡು ಸಾವಿರ ಅಡಿಗೆ ಹತ್ತಡಿಯಷ್ಟೇ ಕಮ್ಮಿ. ಅಲ್ಲಿ ಎಂ37ರ 78 ಅಶ್ವಶಕ್ತಿ ಐವತ್ತರ ಆಸುಪಾಸಿಗೆ ಇಳಿದಿರುತ್ತದೆ. ಅದನ್ನು ಯಾವ ಮೆಕ್ಯಾನಿಕ್ಕೂ ರಿಪೇರಿ ಮಾಡಲಾರ.

ಇನ್ನು ಕೆಲವು ಸಲ ಎಂಜಿನ್ ನಿರಪರಾಧಿ. ಐದಾರು ಮೈಲಿ ಬ್ರೇಕ್ ಒತ್ತದೆ ಓಡಿಸಿ, ಇಳಿದು ನಾಲ್ಕೂ ಡ್ರಮ್ಮುಗಳ ಹತ್ತಿರ ಅಂಗೈ ಹಿಡಿಯಿರಿ. ಒಂದು ಮಾತ್ರ ಸುಡುತ್ತಿದ್ದರೆ ಆ ಚಕ್ರದ ಸಿಲಿಂಡರ್ ಅಂಟಿಕೊಂಡಿದೆ, ಎಂಜಿನ್ ಪಾಪ ಬ್ರೇಕನ್ನೂ ಎಳೆಯುತ್ತಿದೆ. ಡಾಂಬರು ರಸ್ತೆಯಲ್ಲಿ ಮುಂದಿನ ಆಕ್ಸಲ್ ಬಿಡಿಸದೆ ಓಡಿಸಿದರೂ ಇದೇ ಕಥೆ. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಬೊಬ್ಬೆ ಏರುತ್ತದೆ, ವೇಗ ಏರುವುದಿಲ್ಲ.

ಇಷ್ಟಾದ ಮೇಲೆ ಇನ್ನೊಬ್ಬರನ್ನು ಕರೆದು ಪೆಡಲ್ ಪೂರ್ತಿ ಒತ್ತಿಸಿ, ನೀವು ಬಾನೆಟ್ ಎತ್ತಿ ನೋಡಿ. ಥ್ರಾಟಲ್ ಪೂರ್ತಿ ತೆರೆಯುತ್ತಿದೆಯೇ? ಅರವತ್ತು ವರ್ಷ ಸವೆದ ಲಿಂಕೇಜಿನಲ್ಲಿ ಮುಕ್ಕಾಲು ಭಾಗವಷ್ಟೇ ತೆರೆಯುವುದು ಅಪರೂಪವಲ್ಲ. ಇನ್ನೂ ಹಳೆಯ ಗಾಡಿಗಳಲ್ಲಿ ಗವರ್ನರ್ ಎಂಬ ಕಡಿವಾಣವೂ ಇರಬಹುದು. 1944ರಲ್ಲಿ ಫ್ರಾನ್ಸಿನುದ್ದಕ್ಕೂ ಮಿತ್ರಪಡೆಗಳಿಗೆ ಸರಕು ಸಾಗಿಸಿದ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಚಾಲಕರು, ವೇಗ ಸಾಲದೆಂದು ತಮ್ಮ ಟ್ರಕ್‌ಗಳ ಗವರ್ನರನ್ನೇ ಕಿತ್ತುಹಾಕುತ್ತಿದ್ದರು. ಅವರದು ಯುದ್ಧದ ಅವಸರ. ನಿಮ್ಮ ಗಾಡಿಯ ಗವರ್ನರ್ ಅರ್ಧ ಮುಚ್ಚಿ ತುಕ್ಕು ಹಿಡಿದಿದೆಯೇ ಎಂದು ನೋಡಿದರೆ ಸಾಕು.

ಮುಂದಿನದು ನನಗೆ ಬಹಳ ಇಷ್ಟವಾದ ಪರೀಕ್ಷೆ, ಖರ್ಚು ಸೊನ್ನೆ. ಏರಿನಲ್ಲಿ ಗಾಡಿ ತಿಣುಕುತ್ತಿರುವಾಗಲೇ ಚೋಕ್ ಗುಂಡಿಯನ್ನು ಅರ್ಧ ಎಳೆಯಿರಿ. ಎಂಜಿನ್ ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಮತ್ತಷ್ಟು ಹದಗೆಟ್ಟರೆ ದೋಷ ಬೇರೆಡೆ ಇದೆ, ಬಹುಶಃ ಕಿಡಿಯಲ್ಲಿ. ಪೆಟ್ರೋಲ್ ಸಾಲುತ್ತಿಲ್ಲ ಎಂದಾದರೂ ಕಾರ್ಬುರೇಟರ್ ಬಿಚ್ಚಲು ಹೋಗಬೇಡಿ, ಟ್ಯಾಂಕಿನಿಂದ ಆರಂಭಿಸಿ. ಹತ್ತು ಹದಿನೈದು ನಿಮಿಷ ಸರಿಯಾಗಿ ಓಡಿ ಆಮೇಲೆ ಸೊರಗುವ ಗಾಡಿಯಾದರೆ, ಸೊರಗಿದ ಕ್ಷಣದಲ್ಲೇ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತಿರುಗಿಸಿ. ‘ಸ್ಸ್’ ಎಂದು ಗಾಳಿ ಒಳಕ್ಕೆ ನುಗ್ಗಿದರೆ ಕಳ್ಳ ಸಿಕ್ಕಂತೆಯೇ. ಮುಚ್ಚಳದ ಉಸಿರುರಂಧ್ರ ಕಟ್ಟಿದೆ, ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಪಂಪ್ ಎಳೆಯಲಾಗದೆ ಸೋತಿದೆ. ಅಲ್ಲಿ ಏನೂ ಸಿಗದಿದ್ದರೆ ಟ್ಯಾಂಕಿನೊಳಗಿನ ಜಾಲರಿ, ಲೈನಿನ ಬಿರುಕು, ಫಿಲ್ಟರ್, ಪಂಪಿನ ಡಯಾಫ್ರಾಮ್. ಕಾರ್ಬುರೇಟರ್ ಸರದಿ ಇವೆಲ್ಲದರ ಹಿಂದೆ.

ಕಿಡಿಯ ವಿಚಾರದಲ್ಲಿ ಮಿಲಿಟರಿ ಗಾಡಿಯ ಜಾತಿಯೇ ಬೇರೆ. ಎಂ37 ನದಿಯಲ್ಲಿ ಇಳಿದು ದಾಟಬೇಕಿತ್ತು, ರೇಡಿಯೊಗೆ ಕಿರಿಕಿರಿ ಮಾಡಬಾರದಿತ್ತು. ಆದ್ದರಿಂದ 24 ವೋಲ್ಟ್ ವ್ಯವಸ್ಥೆ, ಲೋಹದ ಕವಚದೊಳಗಿನ ಪ್ಲಗ್ ವೈರುಗಳು, ಪಾಯಿಂಟು ಕಾಯಿಲ್ ಎಲ್ಲ ಒಂದೇ ಭದ್ರ ಡಬ್ಬಿಯಲ್ಲಿ. ನೀರು ಒಳಗೆ ಬರುವುದಿಲ್ಲ, ಸರಿ. ಆದರೆ ಕಿಡಿಯಿಂದ ಹುಟ್ಟಿದ ಓಜೋನ್ ಹೊರಗೆ ಹೋಗಲೂ ದಾರಿ ಬೇಕಲ್ಲ! ಅದಕ್ಕೆಂದೇ ಸಣ್ಣ ಗಾಳಿಕೊಳವೆಗಳಿವೆ. ಅವು ಕಟ್ಟಿಕೊಂಡರೆ, ಅಥವಾ ಯಾರೋ ಜಾಣರು ಬೇಡವೆಂದು ಬೂಚು ಜಡಿದಿದ್ದರೆ, ಒಳಗಿನ ಲೋಹವೆಲ್ಲ ಕಿಲುಬು ಹಿಡಿಯುತ್ತದೆ, ಪಾಯಿಂಟುಗಳು ಕಪ್ಪಗಾಗುತ್ತವೆ. ಬಿಸಿ ಡಬ್ಬಿಯೊಳಗೇ ಬೇಯುವ ಕಾಯಿಲ್ ಇನ್ನೊಂದು ತಲೆನೋವು. ತಣ್ಣಗಿದ್ದಾಗ ಒಳ್ಳೆಯ ಕಿಡಿ, ಕಾದ ಮೇಲೆ ಬಡಕಲು, ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ. ಡಿಸ್ಟ್ರಿಬ್ಯೂಟರ್ ತಳದಲ್ಲಿ ವೇಗಕ್ಕೆ ತಕ್ಕಂತೆ ಟೈಮಿಂಗನ್ನು ಮುಂಚಿತಗೊಳಿಸುವ ಎರಡು ತೂಕಗಳಿರುತ್ತವೆ. ಅವು ತುಕ್ಕಿಗೆ ಬಿಗಿದುಕೊಂಡರೆ ಐಡ್ಲಿಂಗ್ ಸೊಗಸಾಗಿಯೇ ಇರುತ್ತದೆ, ವೇಗದಲ್ಲಿ ಜೀವವಿರುವುದಿಲ್ಲ. ಟೈಮಿಂಗ್ ಲೈಟ್ ಹಿಡಿದು ರೇಸ್ ಮಾಡಿದಾಗ ಗುರುತು ಕದಲಬೇಕು. ಕದಲದಿದ್ದರೆ ಅಲ್ಲಿಗೆ ತನಿಖೆ ಮುಗಿಯಿತು.

ಪೆಟ್ರೋಲೂ ಸರಿ, ಕಿಡಿಯೂ ಸರಿ ಎಂದಾದಾಗ ವ್ಯಾಕ್ಯೂಮ್ ಗೇಜ್ ಹೊರಬರಲಿ. ಇದಕ್ಕಿಂತ ಹೆಚ್ಚು ಮಾತಾಡುವ ಅಗ್ಗದ ಉಪಕರಣ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್‌ಟೇಕ್ ಮ್ಯಾನಿಫೋಲ್ಡಿಗೆ ಜೋಡಿಸಿ ಐಡ್ಲಿಂಗ್‌ನಲ್ಲಿ ನೋಡಿ. ಸಮುದ್ರಮಟ್ಟದಲ್ಲಿ ಮುಳ್ಳು 17ರಿಂದ 21 ಇಂಚಿನ ನಡುವೆ ಅಲುಗದೆ ನಿಂತರೆ ಆರೋಗ್ಯ. ಪ್ರತಿ ಸಾವಿರ ಅಡಿಗೆ ಒಂದು ಇಂಚು ಕಳೆಯಬೇಕು. ಮೂರು ಸಾವಿರ ಅಡಿಯ ಬೆಂಗಳೂರಿನಲ್ಲಿ 15 ತೋರಿಸಿದರೆ ಗಾಬರಿಪಡಬೇಕಿಲ್ಲ. ಮುಳ್ಳು ಅಲುಗದೆ ಕೆಳಗೇ ನಿಂತಿದ್ದರೆ ಟೈಮಿಂಗ್ ಹಿಂದಿದೆ, ಇಲ್ಲವೇ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುತ್ತಿದೆ. ತಾಳ ತಪ್ಪದೆ ಒಂದೇ ಲಯದಲ್ಲಿ ಕೆಳಕ್ಕೆ ಮಿಡಿಯುತ್ತಿದ್ದರೆ ಒಂದು ವಾಲ್ವ್ ಸುಟ್ಟಿದೆ. ಆಗೊಮ್ಮೆ ಈಗೊಮ್ಮೆ ಮಿಡಿದರೆ ವಾಲ್ವ್ ಅಂಟುತ್ತಿದೆ, ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಫ್ಲ್ಯಾಟ್‌ಹೆಡ್‌ಗಳ ಖಾಯಂ ರೋಗವಿದು. ಈಗ ಎಂಜಿನನ್ನು 2000 ಸುತ್ತಿಗೆ ಏರಿಸಿ ಹಾಗೇ ಹಿಡಿಯಿರಿ. ಮೇಲೆ ನಿಲ್ಲಬೇಕಾದ ಮುಳ್ಳು ಮೆಲ್ಲಗೆ ಇಳಿಯುತ್ತಾ ಬಂದರೆ ಹೊಗೆಗೆ ದಾರಿಯಿಲ್ಲ. ಸೈಲೆನ್ಸರಿನಲ್ಲಿ ಇಲಿಗೂಡು, ತುಕ್ಕಿನ ಚಕ್ಕೆ ಏನು ಬೇಕಾದರೂ ಇರಬಹುದು.

ಕೊನೆಯದು ಕಂಪ್ರೆಷನ್. ಇಲ್ಲಿ ಅಂಕಿಗಿಂತ ಸಿಲಿಂಡರುಗಳ ನಡುವಿನ ಅಂತರ ಮುಖ್ಯ. ಅಕ್ಕಪಕ್ಕದ ಎರಡೇ ಕುಸಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಒಡೆದಿದೆ. ಒಂದೇ ಕುಸಿದಿದ್ದರೆ ಎಕ್ಸಾಸ್ಟ್ ವಾಲ್ವಿನ ಮೇಲೆ ಅನುಮಾನವಿರಲಿ: ವಾಲ್ವ್ ತನ್ನ ಪೀಠದಲ್ಲಿ ಹೂತಂತೆ ಟ್ಯಾಪೆಟ್ ಸಂದು ಕಿರಿದಾಗುತ್ತದೆ, ಪೂರ್ತಿ ಮುಚ್ಚಲಾಗದ ವಾಲ್ವ್ ಸುಡುತ್ತದೆ. ಪ್ಲಗ್ ರಂಧ್ರಕ್ಕೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಕಂಪ್ರೆಷನ್ ಏರಿದರೆ ರಿಂಗ್ ಸವೆದಿದೆ ಎನ್ನುವ ಹಳೆಯ ಉಪಾಯವನ್ನು ಫ್ಲ್ಯಾಟ್‌ಹೆಡ್‌ನಲ್ಲಿ ಪೂರ್ತಿ ನಂಬಲಾಗದು. ವಾಲ್ವುಗಳು ಪಕ್ಕದಲ್ಲೇ ಇರುವುದರಿಂದ ಎಣ್ಣೆ ಅವುಗಳ ಮೇಲೂ ಬೀಳಬಹುದು.

ನಮ್ಮಲ್ಲಿ ಎಂ37 ಹುಡುಕಿದರೂ ಸಿಗುವುದು ಕಷ್ಟ. ಆದರೆ ಜಬಲ್ಪುರದಲ್ಲಿ ಸೇನೆಗಾಗಿ ತಯಾರಾಗುತ್ತಿದ್ದ, ನಿಸ್ಸಾನ್‌ನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿನ ಜೊಂಗಾಗಳು ಇನ್ನೂ ಓಡುತ್ತಿವೆ. ಅದರ ವಾಲ್ವುಗಳು ತಲೆಯಲ್ಲಿವೆ, ಹಾಗಾಗಿ ಎಣ್ಣೆಯ ಉಪಾಯವನ್ನು ಅಲ್ಲಿ ನಂಬಬಹುದು. ತನಿಖೆಯ ಉಳಿದ ಕ್ರಮ ಇದೇ. ಜೊಂಗಾ ಇಟ್ಟವರಿಗೆ ಈಗ ಇನ್ನೊಂದು ಹೊಸ ಕಾರಣವೂ ಸೇರಿಕೊಂಡಿದೆ. ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥನಾಲ್. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ತಳದ ಕೊಳೆ ಎಬ್ಬಿಸುತ್ತದೆ, ಪೆಟ್ರೋಲಿಗೆಂದು ಕೊರೆದ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಅಂಥ ಗಾಡಿ ಏರಿನಲ್ಲಿ ಸೊರಗಿದರೆ ಮೊದಲು ಹೋಸ್‌ಗಳು ಮತ್ತು ಪಂಪಿನ ಡಯಾಫ್ರಾಮ್ ಬದಲಿಸಿ, ಫಿಲ್ಟರ್ ಹೊಸದು ಹಾಕಿ. ಅಷ್ಟಕ್ಕೂ ಸರಿಹೋಗದೆ, ಚೋಕ್ ಎಳೆದಾಗ ಮಾತ್ರ ಚೇತರಿಸಿಕೊಳ್ಳುತ್ತಿದ್ದರೆ, ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿ ಅದೇ ಏರಿಗೆ, ಅದೇ ಗೇರಿನಲ್ಲಿ ಮತ್ತೊಮ್ಮೆ ಹತ್ತಿಸಿ ನೋಡಿ.